ನೆಂಟನೋ, ಆಳೋ? - 'ವೂಫ್' ಎಂಬ ಪದದ ಹಿಂದಿನ ಕತೆ

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಶಿರಸಿ ಕಡೆಯ ಒಬ್ಬರಿದ್ದಾರೆ. ಮೊನ್ನೆ ಲಿಫ್ಟಿನ ಹತ್ತಿರ ಸಿಕ್ಕಿ ಅಲವತ್ತುಕೊಂಡರು. "ಅಲ್ಲ ಮಾರಾಯ್ರೆ, ಊರಲ್ಲಿ ಅಡಿಕೆ ಸುಲಿಯೋಕೆ ಬಾ ಅಂದ್ರೆ ನಮ್ಮ ಹುಡುಗಿಗೆ ಪರೀಕ್ಷೆ, ಪ್ರಾಜೆಕ್ಟು. ಈಗ ನೋಡಿದ್ರೆ ವಿಮಾನದ ಖರ್ಚು ಹಾಕ್ಕೊಂಡು ಯುರೋಪಿಗೆ ಹೋಗಿ ಯಾರದೋ ತೋಟದಲ್ಲಿ ಕಳೆ ಕೀಳ್ತಾಳಂತೆ! ಸಂಬಳ ಇಲ್ವಂತೆ. ಊಟ, ಮಲಗೋಕೆ ಜಾಗ, ಅಷ್ಟೇ. ಇದಕ್ಕೆ ನಮ್ಮ ಕಡೆ ಏನಂತಾರೆ ನೀವೇ ಹೇಳಿ."

ಏನಂತಾರೆ? ಯೋಚಿಸಿದರೆ ನಮ್ಮ ಭಾಷೆಯಲ್ಲಿ ಒಂದಲ್ಲ, ಮೂರು ಪದ ಸಿಗುತ್ತವೆ. ಒಂದು ಮುಯ್ಯಾಳು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಡಿದ್ದು ನಮ್ಮ ಗದ್ದೆಗೆ ನೀವು ಬನ್ನಿ. ದುಡ್ಡಿನ ಮಾತಿಲ್ಲ, ಮಧ್ಯಾಹ್ನದ ಊಟ ಗದ್ದೆಯವನದು. ಎರಡನೆಯದು ವಾರಾನ್ನ. ಓದುವ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ಮೆಟ್ರಿಕ್ ಮುಗಿಸುತ್ತಿದ್ದ. ನೀರು ಸೇದಿಕೊಡುವುದು, ಅಂಗಡಿಗೆ ಹೋಗಿ ಬರುವುದು ಇಂಥ ಕೆಲಸಗಳನ್ನು ಯಾರೂ ಹೇಳದಿದ್ದರೂ ಮಾಡುತ್ತಿದ್ದ. (ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ, ಅದನ್ನೂ ಹೇಳಿಬಿಡಬೇಕು.) ಮೂರನೆಯದು ಜೀತ. ಅಲ್ಲೂ ಊಟ, ಬಟ್ಟೆ, ಕೊಟ್ಟಿಗೆಯ ಮೂಲೆಯಲ್ಲಿ ಮಲಗಲು ಜಾಗ. ಲೆಕ್ಕಕ್ಕೆ ನೋಡಿದರೆ ಮೂರರಲ್ಲೂ ಕೊಡುವುದು ದುಡಿಮೆ, ಸಿಗುವುದು ಅನ್ನ. ಆದರೂ ಮೊದಲನೆಯದರಲ್ಲಿ ನೀವು ನೆರೆಯವರು, ಎರಡನೆಯದರಲ್ಲಿ ಮನೆಯ ಹುಡುಗ, ಮೂರನೆಯದರಲ್ಲಿ ಮನುಷ್ಯರೇ ಅಲ್ಲ. 1976ರಲ್ಲಿ ಕಾನೂನು ಮಾಡಿ ನಿಲ್ಲಿಸಬೇಕಾಗಿ ಬಂದದ್ದು ಈ ಮೂರನೆಯದನ್ನು.

ಆ ಹುಡುಗಿ ಹೊರಟಿರುವ ಏರ್ಪಾಡಿಗೆ ಜಗತ್ತಿನಲ್ಲೆಲ್ಲ 'ವೂಫ್' ಅನ್ನುತ್ತಾರೆ. ಹಾಗೆ ಹೋಗುವವರು 'ವೂಫರ್'ಗಳು. ಕೇಳಲು ನಾಯಿ ಬೊಗಳಿದ ಹಾಗಿದೆ, ನಿಜ! ಅದು ಐದು ಇಂಗ್ಲಿಷ್ ಅಕ್ಷರಗಳ ಸಂಕ್ಷಿಪ್ತ ರೂಪ. ತಮಾಷೆ ಏನೆಂದರೆ ಐವತ್ತು ವರ್ಷಗಳಲ್ಲಿ ಅಕ್ಷರಗಳು ಹಾಗೇ ಉಳಿದು, ಅವುಗಳ ಅರ್ಥ ಮಾತ್ರ ಎರಡು ಸಲ ಬದಲಾಗಿದೆ. ಯಾಕೆ ಬದಲಾಯಿತು ಎಂದು ಹುಡುಕುತ್ತ ಹೋದರೆ ನಮ್ಮ ಮಿತ್ರರ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ.

1971. ಲಂಡನ್ನಿನಲ್ಲಿ ಸ್ಯೂ ಕೊಪ್ಪಾರ್ಡ್ ಎಂಬ ಒಬ್ಬ ಸೆಕ್ರೆಟರಿ. ವಾರವೆಲ್ಲ ಆಫೀಸು, ಟೈಪ್‌ರೈಟರು, ಶನಿವಾರ ಭಾನುವಾರ ಬಂದರೆ ನಾಲ್ಕು ಗೋಡೆ. ಹಳ್ಳಿಯ ಕಡೆ ಹೋಗಿ ಬರಬೇಕೆಂಬ ಆಸೆ. ಆದರೆ ಹೋಗುವುದೆಲ್ಲಿಗೆ? ಹೋಟೆಲಿಗೆ ಕೊಡಲು ದುಡ್ಡಿರಬೇಕು, ಇಲ್ಲವೇ ಹಳ್ಳಿಯಲ್ಲಿ ನೆಂಟರಿರಬೇಕು. ನಮ್ಮಂಥ ಮುಂಬಯಿ ಕನ್ನಡಿಗರಿಗೆ ಈ ಕಷ್ಟ ತಟ್ಟನೆ ಅರ್ಥವಾಗುವುದಿಲ್ಲ. ಮೇ ತಿಂಗಳು ಬಂತೆಂದರೆ ನಮಗೆ ಹೋಗಲು ಒಂದು ಊರು, ಅಲ್ಲೊಬ್ಬ ದೊಡ್ಡಪ್ಪ, ಒಂದು ಹಲಸಿನ ಮರ ಇದ್ದೇ ಇರುತ್ತದೆ (ಮಕ್ಕಳ ಕಾಲಕ್ಕೆ ಇರುತ್ತದೋ ಇಲ್ಲವೋ, ಬೇರೆ ಮಾತು). ಲಂಡನ್ನಿನ ಆಫೀಸು ಕೆಲಸದವರಲ್ಲಿ ಬಹಳ ಜನಕ್ಕೆ ಹಳ್ಳಿಯ ನಂಟು ಕಡಿದು ಮೂರು ನಾಲ್ಕು ತಲೆಮಾರು ಕಳೆದಿತ್ತು.

ಆಕೆ ಸಾವಯವ ಕೃಷಿಯವರ ಪರಿಚಯ ಹಿಡಿದು ಸಸೆಕ್ಸ್ ಪ್ರಾಂತದ ಫಾರೆಸ್ಟ್ ರೋ ಎಂಬ ಹಳ್ಳಿಯ ಎಮರ್ಸನ್ ಕಾಲೇಜನ್ನು ಕೇಳಿದರು. ಈ ಕಾಲೇಜು 1962ರಲ್ಲಿ ಶುರುವಾದದ್ದು, ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ಚಿಂತಕನ ಅನುಯಾಯಿಗಳದು. ರಾಸಾಯನಿಕ ಮುಟ್ಟದೆ ಬೇಸಾಯ ಮಾಡುವ ಒಂದು ಹೊಲ ಅವರಿಗಿತ್ತು. "ಪೇಟೆಯವರು ಬಂದು ಏನು ಮಾಡುತ್ತಾರೆ?" ಎಂಬ ಅನುಮಾನ ಯಾವ ಹೊಲದವನಿಗೂ ಸಹಜ. ಪ್ರಯೋಗಕ್ಕೆಂದು ಒಂದು ವಾರಾಂತ್ಯಕ್ಕೆ ಒಪ್ಪಿದರು. ಹೋದವರು ನಾಲ್ಕು ಜನ. ಮುಳ್ಳುಪೊದೆ ಕಡಿಯುವುದು, ಕಟ್ಟಿಕೊಂಡ ಕಾಲುವೆ ಬಿಡಿಸುವುದು ಇಂಥ ಕೆಲಸ. ಯಾವ ರೈತನಿಗೂ ಮುಂದೂಡಿ ಮುಂದೂಡಿ ಉಳಿದುಹೋಗುವ ಕೆಲಸಗಳಿವು. ಬಂದವರು ಕೆಲಸ ಕೆಡಿಸಲಿಲ್ಲ, ಹೊಲದವರಿಗೆ ಹೊರೆಯಾಗಲಿಲ್ಲ. ಮತ್ತೆ ಬನ್ನಿ ಎಂಬ ಕರೆ ಬಂತು, ಉಳಿದ ಹೊಲದವರೂ ನಮಗೂ ಕಳಿಸಿ ಎನ್ನತೊಡಗಿದರು.

ಆಗ ಇಟ್ಟ ಹೆಸರು 'ವರ್ಕಿಂಗ್ ವೀಕೆಂಡ್ಸ್ ಆನ್ ಆರ್ಗ್ಯಾನಿಕ್ ಫಾರ್ಮ್ಸ್'. ಸಾವಯವ ಹೊಲಗಳಲ್ಲಿ ದುಡಿಯುವ ವಾರಾಂತ್ಯಗಳು. ಶುಕ್ರವಾರ ಸಂಜೆ ಹೋಗಿ ಭಾನುವಾರ ರಾತ್ರಿ ಮನೆ ಸೇರಿ, ಸೋಮವಾರ ಮತ್ತೆ ಆಫೀಸು. ಈ ಹೆಸರಿನಲ್ಲಿ ಯಾವ ಗೊಂದಲವೂ ಇಲ್ಲ ನೋಡಿ. ಅದೇ ದೇಶದವರು, ಬೇರೆ ನೌಕರಿ ಇರುವವರು. ಯಾರ ಕೂಲಿಯನ್ನೂ ಕಿತ್ತುಕೊಳ್ಳಲು ಬಂದವರಲ್ಲ.

ಸಾವಯವ ಹೊಲವೇ ಯಾಕೆ? ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಳೆನಾಶಕ ಹೊಡೆಯುವ ರೈತನಿಗೆ ಒಂದು ಡಬ್ಬಿ ಔಷಧ ಮಾಡುವ ಕೆಲಸವನ್ನು ಸಾವಯವದವನಿಗೆ ಹತ್ತು ಕೈಗಳು ಮಾಡಬೇಕು. ಕ್ಯಾರೆಟ್ಟಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಗೊತ್ತು ಅದರ ಬೆಲೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಈ ಬಗೆಯ ರೈತರು ಬೆರಳೆಣಿಕೆಯಷ್ಟು. ಇವತ್ತಿನ ಹಾಗೆ ಮಾಲುಗಳಲ್ಲಿ 'ಆರ್ಗ್ಯಾನಿಕ್' ಚೀಟಿ ಅಂಟಿಸಿ ಎರಡರಷ್ಟು ಬೆಲೆಗೆ ಮಾರುವ ಕಾಲವಲ್ಲ. ಕೂಲಿ ಕೊಡಲು ಅವರ ಹತ್ತಿರ ದುಡ್ಡಿರಲಿಲ್ಲ, ಆದರೆ ಊಟ ಇತ್ತು, ಅಟ್ಟ ಇತ್ತು. ಹಾಗಾಗಿ ಪೇಟೆಯವರ ಆಸೆ, ಹೊಲದವರ ಅಗತ್ಯ ಎರಡೂ ಕೂಡಿಕೊಂಡವು.

ಈ ಸಾವಯವ ಕೃಷಿಯ ಬೇರು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಇಂದೋರಿನಲ್ಲಿ! ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪುಸಾ ಸಂಶೋಧನಾ ಕೇಂದ್ರಕ್ಕೆ ಬಂದ. ನಮ್ಮವರಿಗೆ ಬೇಸಾಯ ಕಲಿಸಲು ಬಂದವನು. ಸುತ್ತಲಿನ ರೈತರ ಪೈರು ಔಷಧವಿಲ್ಲದೆಯೂ ಆರೋಗ್ಯವಾಗಿರುವುದನ್ನು ಕಂಡು, ಕಲಿಸುವುದು ಬಿಟ್ಟು ಕಲಿಯತೊಡಗಿದ. ತನ್ನ ಮೇಷ್ಟ್ರುಗಳೆಂದು ಅವನು ಆಮೇಲೆ ಹೆಸರಿಸಿದ್ದು ಇಬ್ಬರನ್ನೇ: ಈ ದೇಶದ ರೈತ ಮತ್ತು ಪೈರಿಗೆ ಬೀಳುವ ಕೀಟ. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೂತು ಗೊಬ್ಬರದ ಒಂದು ಕ್ರಮವನ್ನು ಸಿದ್ಧಮಾಡಿದ. ಕಸಕಡ್ಡಿ, ಸಗಣಿ, ಗಂಜಲ ಕುಡಿದ ಕೊಟ್ಟಿಗೆಯ ಮಣ್ಣು, ಬೂದಿ ಇವನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ತಿರುವಿಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ. ಇಂದಿಗೂ ಇದರ ಹೆಸರು 'ಇಂದೋರ್ ವಿಧಾನ'. 1931ರಲ್ಲಿ ಬಂದ ಪುಸ್ತಕದಲ್ಲಿ ಅವನ ಜೊತೆ ಲೇಖಕರಾಗಿ ಯಶವಂತ ವಾಡ್ ಅವರ ಹೆಸರೂ ಇದೆ. ಹೋವರ್ಡನ ಬರಹಗಳ ಪ್ರಭಾವ ಈವ್ ಬಾಲ್ಫೋರ್ ಎಂಬ ಮಹಿಳೆಯ ಮೇಲಾಯಿತು. ಆಕೆ 1943ರಲ್ಲಿ 'ದಿ ಲಿವಿಂಗ್ ಸಾಯಿಲ್' ಬರೆದರು. 1946ರಲ್ಲಿ ಆಕೆ ಮತ್ತು ಸಂಗಡಿಗರು ಕಟ್ಟಿದ 'ಸಾಯಿಲ್ ಅಸೋಸಿಯೇಶನ್' ಬ್ರಿಟನ್ನಿನ ಸಾವಯವ ರೈತರಿಗೆಲ್ಲ ಮನೆಯಾಯಿತು. ಅಂದರೆ ಇವತ್ತು ನಮ್ಮ ಹುಡುಗಿ ವಿಮಾನ ಹತ್ತಿ ಕಲಿಯಹೊರಟ ವಿದ್ಯೆಯಲ್ಲಿ ಒಂದು ಪಾಲು ನಮ್ಮ ಕಡೆಯ ತಿಪ್ಪೆಗುಂಡಿಯಿಂದಲೇ ಹೋದದ್ದು. ಹೋಗಲಿ ಬಿಡಿ, ಯೋಗವೂ ಹಾಗೇ ತಾನೆ ತಿರುಗಿ ಬಂದದ್ದು!

ಸಂಬಳವಿಲ್ಲದೆ ಪರದೇಶದ ಹಳ್ಳಿಯಲ್ಲಿ ದುಡಿಯುವುದು ಸ್ಯೂ ಕೊಪ್ಪಾರ್ಡ್ ಅವರಿಂದ ಶುರುವಾದದ್ದೂ ಅಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯೆರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಕೆಲವೇ ಗೆಳೆಯರನ್ನು ಕಟ್ಟಿಕೊಂಡು ಫ್ರಾನ್ಸಿನ ವೆರ್ದೂನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಹೋದ. ಯುದ್ಧದಲ್ಲಿ ಪುಡಿಯಾದ ಊರು. ಈ ತಂಡ ಅಲ್ಲಿ ಮರದ ಮನೆ ಕಟ್ಟಿತು, ದಾರಿ ಸರಿಮಾಡಿತು, ಗುಂಡಿ ಬಿದ್ದ ಹೊಲ ಮುಚ್ಚಿತು. ತಂಡದಲ್ಲಿ ಜರ್ಮನರೂ ಇದ್ದರು. ನೆನ್ನೆ ಮೊನ್ನೆ ಗುಂಡು ಹಾರಿಸಿದವರ ಕೈಯಿಂದ ಉಪಕಾರ ಬೇಡ ಎಂದು ವಿರೋಧ ಎದ್ದು, ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಮುಂದೆ ಇದೇ 'ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್' ಎಂಬ ದೊಡ್ಡ ಸಂಸ್ಥೆಯಾಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಸೆರೆಸೋಲ್ ಇಲ್ಲಿಗೂ ಬಂದ. ಅವನೂ ಅವನ ಕೆಲವು ಸಂಗಡಿಗರೂ ಬಿಹಾರದ ಹಳ್ಳಿಗರ ಜೊತೆ ನಿಂತು ಮನೆ ಕಟ್ಟುವ ಕೆಲಸದಲ್ಲಿ ಕೈ ಹಾಕಿದರು. ಇವನ ತಂದೆ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು ಎಂಬುದನ್ನು ಓದಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಇನ್ನೊಂದು ದೊಡ್ಡ ಕವಲು ಇಸ್ರೇಲಿನ ಕಿಬ್ಬುತ್ಸ್. 1910ರಲ್ಲಿ ದೆಗಾನಿಯಾದಲ್ಲಿ ಮೊದಲನೆಯದು ಹುಟ್ಟಿತು. ಹೊಲ, ಅಡುಗೆಮನೆ, ಮಕ್ಕಳ ಪಾಲನೆ ಎಲ್ಲವೂ ಸಮುದಾಯದ್ದು. ಕೂಲಿಯಾಳು ಇಟ್ಟುಕೊಳ್ಳಬಾರದು, ತಮ್ಮ ಕೆಲಸ ತಾವೇ ಮಾಡಬೇಕು ಎನ್ನುವುದು ಅವರ ಸಿದ್ಧಾಂತ. 1967ರ ಯುದ್ಧಕ್ಕೆ ಅಲ್ಲಿನ ಗಂಡಸರು ಹೋದಾಗ ಹೊಲದಲ್ಲಿ ಕೈ ಸಾಲದೆ ಹೊರದೇಶದ ಯುವಕರು ಬಂದರು. ಆಮೇಲೆ ಅದೇ ಒಂದು ರೂಢಿಯಾಗಿ, ದಶಕಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಕಿತ್ತಳೆ ಕೊಯ್ದು, ಕೋಳಿಗೂಡು ತೊಳೆದು, ಊಟ ವಸತಿ ಜೊತೆಗೆ ಸ್ವಲ್ಪ ಕೈಖರ್ಚು ಪಡೆದು ಹೋದರು. ಹೆಚ್ಚಿನವರು ಯುರೋಪು, ಅಮೆರಿಕದ ಹುಡುಗರು. ಸಿದ್ಧಾಂತಕ್ಕೆ ಇದು ಎಷ್ಟು ಅನುಕೂಲ ನೋಡಿ! ಕೂಲಿ ಕೊಟ್ಟರೆ ತಾನೆ ಕೂಲಿಯಾಳು? ಇವರು ಸ್ವಯಂಸೇವಕರು. 1987ರ ನಂತರದ ಗಲಭೆಗಳ ಕಾಲದಿಂದ ಇವರ ಸಂಖ್ಯೆ ಇಳಿಯಿತು, ಕಿಬ್ಬುತ್ಸ್‌ಗಳೂ ಬದಲಾದವು. ಇಸ್ರೇಲಿನ ಹೊಲಗಳಿಗೆ ಥಾಯ್ಲೆಂಡಿನಿಂದ ಕೂಲಿಗಳು ಬಂದರು, ಈ ಸಲ ಸಂಬಳಕ್ಕೆ.

ವೂಫ್‌ಗೆ ತಿರುಗಿ ಬರೋಣ. 1970ರ ದಶಕದಲ್ಲೇ ಅದು ನ್ಯೂಜಿಲೆಂಡಿಗೆ, ಆಮೇಲೆ ಆಸ್ಟ್ರೇಲಿಯಾಕ್ಕೆ ದಾಟಿತು. ಅಷ್ಟು ದೂರ ಹೋದವರು ವಾರಾಂತ್ಯಕ್ಕೆ ಹೋಗಿ ಬರಲಾದೀತೆ? ತಿಂಗಳುಗಟ್ಟಲೆ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತ ದೇಶ ಸುತ್ತುವ ರೂಢಿ ಬಂತು. 'ವೀಕೆಂಡ್' ಎಂಬ ಪದ ಸುಳ್ಳಾಯಿತು. ಅಕ್ಷರ ಬದಲಾಗಬಾರದೆಂದು 'ವಿಲ್ಲಿಂಗ್ ವರ್ಕರ್ಸ್' ಮಾಡಿದರು. ಮನಸ್ಸಿದ್ದು ದುಡಿಯುವವರು.

ಒಳ್ಳೆಯ ಹೆಸರೇ. ಆದರೆ ವಿಮಾನ ನಿಲ್ದಾಣದ ವಲಸೆ ಅಧಿಕಾರಿಗೆ ಆ ಹೆಸರಿನಲ್ಲಿ ಕಂಡದ್ದು ಒಂದೇ ಪದ: 'ವರ್ಕರ್'. ಪ್ರವಾಸಿ ವೀಸಾ ಹಿಡಿದು ಕೆಲಸಕ್ಕೆ ಬಂದಿದ್ದೀಯಾ? ಬಂದವನು "ಇಲ್ಲ ಸ್ವಾಮಿ, ದುಡ್ಡು ತಗೊಳ್ಳೋದಿಲ್ಲ, ಅವರ ಮನೆಯಲ್ಲೇ ಊಟ ಮಾಡ್ತೀನಿ" ಎಂದರೆ ಕಾನೂನು ಅದನ್ನು ಕೇಳುವುದಿಲ್ಲ. ನ್ಯೂಜಿಲೆಂಡಿನಲ್ಲಂತೂ ನಿಯಮ ಸ್ಪಷ್ಟ. ಊಟ, ವಸತಿಯೂ ಪ್ರತಿಫಲವೇ, ಆದ್ದರಿಂದ ವೂಫಿಂಗ್ ಕೂಡ ಕೆಲಸವೇ, ಕೆಲಸ ಮಾಡಲು ಅನುಮತಿಯಿರುವ ವೀಸಾ ಬೇಕು. ಬ್ರಿಟನ್ನಿನ ಪ್ರವಾಸಿ ವೀಸಾದಲ್ಲೂ ಹೊಲದ ಕೆಲಸಕ್ಕೆ ಜಾಗವಿಲ್ಲ. 2000ದಲ್ಲಿ ಹದಿನೈದು ದೇಶಗಳ ವೂಫ್ ಪ್ರತಿನಿಧಿಗಳು ಬ್ರಿಟನ್ನಿನಲ್ಲಿ ಸೇರಿದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನದ ಹೊತ್ತಿಗೆ ಹೆಸರು 'ವರ್ಲ್ಡ್ ವೈಡ್ ಆಪರ್ಚುನಿಟೀಸ್ ಆನ್ ಆರ್ಗ್ಯಾನಿಕ್ ಫಾರ್ಮ್ಸ್' ಎಂದಾಯಿತು. ವಿಶ್ವವ್ಯಾಪಿ ಅವಕಾಶಗಳು! ದುಡಿಮೆ ಎಂಬ ಪದವೇ ಮಾಯ. ಮೊದಲಿನ ಹೆಸರಿನಲ್ಲಿ ವಾರಾಂತ್ಯವೂ ದುಡಿಮೆಯೂ ಇದ್ದವು, ಎರಡನೆಯದರಲ್ಲಿ ದುಡಿಯುವವನಿದ್ದ, ಮೂರನೆಯದರಲ್ಲಿ ಯಾರೂ ಇಲ್ಲ. ಕೆಲಸ ಮಾತ್ರ ಹಾಗೇ ಇದೆ. ಹೆಚ್ಚಿನ ಕಡೆ ದಿನಕ್ಕೆ ನಾಲ್ಕರಿಂದ ಆರು ಗಂಟೆ. ಅದೇ ಮುಳ್ಳು, ಅದೇ ಕಳೆ.

ನನ್ನ ಅಭಿಪ್ರಾಯ ಕೇಳಿದರೆ ಆ ಅಧಿಕಾರಿಯ ಅನುಮಾನ ಪೂರ್ತಿ ತಪ್ಪಲ್ಲ. ಸಣ್ಣ ತೋಟದ ದಂಪತಿಗಳು ಒಬ್ಬ ಹುಡುಗನನ್ನು ಮನೆಯೊಳಗೆ ಬಿಟ್ಟುಕೊಂಡು, ಜೊತೆಗೆ ಉಂಡು, ಗೊಬ್ಬರ ತಿರುವುವುದನ್ನು ಕಲಿಸಿ ಕಳಿಸಿದರೆ ಅದು ಮುಯ್ಯಿಯೇ. ಅದೇ ತೋಟ ದೊಡ್ಡದಾಗಿ, ಹತ್ತು ಮಂಚದ ಶೆಡ್ಡು ಎಬ್ಬಿಸಿ, ಈ ವಾರದ ಹತ್ತು ಹುಡುಗರು ಹೋದರೆ ಬರುವ ವಾರ ಇನ್ನು ಹತ್ತು ಎಂದು ನಡೆಸಿದರೆ? ಆ ಊರಿನ ಕೂಲಿಯವನ ಅನ್ನಕ್ಕೆ ಅದು ಕಲ್ಲು. ಎರಡಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಹೊರಗಿನಿಂದ ನೋಡುವವನಿಗೆ ಹೇಳುವುದು ಕಷ್ಟ. ಒಳಗಿರುವವನಿಗೆ ಮಾತ್ರ ಊಟದ ಮೇಜಿನಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ.

ಮುಂಬಯಿಯ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕರಾವಳಿಯಿಂದ ಹನ್ನೆರಡು ಹದಿಮೂರು ವರ್ಷದ ಹುಡುಗರು ಬಂದು ಹೋಟೆಲುಗಳಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಅಲ್ಲೇ ಉಂಡು, ಬಾಗಿಲು ಹಾಕಿದ ಮೇಲೆ ಅಲ್ಲೇ ಮೇಜಿನ ಮೇಲೆ ಮಲಗಿದರು. ಕೈಗೆ ಬಂದ ಸಂಬಳ ಬಹಳ ಸಣ್ಣದು. ಸಂಜೆ ಎರಡು ಗಂಟೆ ಬಿಡುವು ಕೊಟ್ಟು ಕನ್ನಡದ ರಾತ್ರಿ ಶಾಲೆಗೆ ಕಳಿಸಿದ ಧಣಿಗಳಿದ್ದರು, ಹುಡುಗ ಓದಿದರೆ ಕೆಲಸ ಬಿಟ್ಟಾನೆಂದು ಕಳಿಸದವರೂ ಇದ್ದರು. ಇಬ್ಬರೂ ಹಾಕಿದ್ದು ಅದೇ ಅನ್ನ ಸಾರು. ಹುಡುಗ ಅಲ್ಲಿಂದ ವಕೀಲನಾಗಿ ಹೊರಬಂದನೋ, ಬೆನ್ನು ಬಾಗಿ ಹೊರಬಂದನೋ ಎಂಬುದು ಆ ಎರಡು ಗಂಟೆಯ ಮೇಲೆ ನಿಂತಿತ್ತು.

ಆಸ್ಟ್ರೇಲಿಯಾದಲ್ಲಿ ಈ ಗೆರೆ ಹೇಗೆ ಅಳಿಸಿಹೋಯಿತು ಎನ್ನುವುದನ್ನು ಹೇಳಲೇಬೇಕು. 1975ರಲ್ಲಿ ಆ ದೇಶ ಬ್ರಿಟನ್, ಐರ್ಲೆಂಡ್, ಕೆನಡಾದ ಯುವಕರಿಗೆ 'ವರ್ಕಿಂಗ್ ಹಾಲಿಡೇ' ವೀಸಾ ಶುರುಮಾಡಿತು. ತಿರುಗಾಡಿ, ನಡುನಡುವೆ ದುಡಿದು ಖರ್ಚು ನೋಡಿಕೊಳ್ಳಿ ಎಂಬ ಉದ್ದೇಶ. ಮುಂದೆ ಇನ್ನಷ್ಟು ದೇಶಗಳು ಸೇರಿದವು. 2005ರಲ್ಲಿ ಒಂದು ಹೊಸ ನಿಯಮ ಬಂತು. ನಗರ ಬಿಟ್ಟು ಹಳ್ಳಿಗಾಡಿನಲ್ಲಿ ಮೂರು ತಿಂಗಳು, ಅಂದರೆ 88 ದಿನ, ಹೊಲದ ಕೆಲಸ ಮಾಡಿದವರಿಗೆ ಎರಡನೆಯ ವರ್ಷದ ವೀಸಾ. ಸಂಬಳವಿಲ್ಲದ ವೂಫಿಂಗ್ ಕೂಡ ಲೆಕ್ಕಕ್ಕೆ ಬರುತ್ತಿತ್ತು. ಏನಾಯಿತು ಊಹಿಸಿ. ಅಲ್ಲಿಯವರೆಗೆ ಬೇಡವೆನಿಸಿದರೆ ಚೀಲ ಹೆಗಲಿಗೇರಿಸಿ ಹೊರಡಬಹುದಾಗಿದ್ದ ವೂಫರ್‌ಗೆ ಈಗ ಮಾಲೀಕನ ಸಹಿ ಬೇಕು! 80ನೇ ದಿನ ಜಗಳವಾಡಿ ಹೊರಟರೆ ಸಹಿ ಸಿಗದೆ ಹೋಗಬಹುದು. ಮನಸ್ಸಿದ್ದು ದುಡಿಯುವುದು ಹೋಗಿ, ಸಹಿಗಾಗಿ ದುಡಿಯುವುದಾಯಿತು. ಶೋಷಣೆಯ ದೂರುಗಳು ಹೆಚ್ಚಿ, 2015ರಲ್ಲಿ ಸರ್ಕಾರ ಸಂಬಳವಿಲ್ಲದ ಕೆಲಸವನ್ನು ಈ ಲೆಕ್ಕದಿಂದ ತೆಗೆದುಹಾಕಿತು. ಸರಿಯಾದ ನಿರ್ಧಾರ ಎಂದೇ ನನಗನ್ನಿಸುತ್ತದೆ. ಚೀಲ ಎತ್ತಿಕೊಂಡು ಹೊರಡುವ ಸ್ವಾತಂತ್ರ್ಯ ಇರುವವರೆಗೆ ಮಾತ್ರ ಅವನು ಅತಿಥಿ. ಜೀತದವನಿಗೆ ಇಲ್ಲದಿದ್ದದ್ದು ಅದೊಂದೇ ಅಲ್ಲವೆ?

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. ಬಿಳಿಯ ದೇಶದ ಹುಡುಗ ಕಳೆ ಕಿತ್ತರೆ ಅವನು ಸ್ವಯಂಸೇವಕ, ನಮ್ಮ ಬಣ್ಣದವನು ಅದೇ ಕಳೆ ಕೀಳಲು ಹೋದರೆ ಅವನಿಗೆ ಬೇರೆ ಹೆಸರು. ಜಪಾನು 1993ರಲ್ಲಿ ಏಷ್ಯಾದ ಬಡದೇಶಗಳಿಂದ ಯುವಕರನ್ನು 'ತಾಂತ್ರಿಕ ತರಬೇತಿ' ಎಂದು ಕರೆಸತೊಡಗಿತು. ಹೆಸರಿಗೆ ಕಲಿಕೆ, ಕೆಲಸ ಹೊಲದ್ದು, ಕಾರ್ಖಾನೆಯದ್ದು. ದೂರುಗಳು ಬಂದು ಬಂದು, ಕೊನೆಗೆ ಈ ಪದ್ಧತಿಯನ್ನೇ ತೆಗೆದು ಬೇರೆಯದನ್ನು ತರುವ ಕಾನೂನನ್ನು 2024ರಲ್ಲಿ ಮಾಡಿದರು. ಇಸ್ರೇಲಿಗೆ ನೇಪಾಳದ ಕೃಷಿ ವಿದ್ಯಾರ್ಥಿಗಳು 'ಕಲಿ, ಗಳಿಸು' ಎಂಬ ಯೋಜನೆಯಲ್ಲಿ ಹೋದರು. ಗಾಜಾ ಗಡಿಯ ಹತ್ತಿರದ ಅಲೂಮಿಮ್ ಎಂಬ ಕಿಬ್ಬುತ್ಸಿನಲ್ಲಿ ಅವರಲ್ಲಿ ಹದಿನೇಳು ಮಂದಿ ಇದ್ದರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಹತ್ತು ಮಂದಿ ಅಲ್ಲೇ ಸತ್ತರು. ಹೋಗಿ ತಿಂಗಳೂ ಆಗಿರಲಿಲ್ಲ. ಹಿಂದೊಮ್ಮೆ ಯುರೋಪಿನ ಹುಡುಗರು ಬೇಸಿಗೆ ರಜೆಗೆಂದು ಹೋಗುತ್ತಿದ್ದಂಥದೇ ಜಾಗ ಅದು. ಇವರು ಹೋದದ್ದು ಮನೆಯ ಸಾಲ ತೀರಿಸುವ ಆಸೆಯೂ ಸೇರಿ.

ಇವತ್ತು ವೂಫ್ 130ಕ್ಕೂ ಹೆಚ್ಚು ದೇಶಗಳಲ್ಲಿದೆ, ಭಾರತದಲ್ಲೂ ಇದೆ. ಹೊರದೇಶದವರು ಬಂದು ನಮ್ಮ ರೈತರ ಮನೆಗಳಲ್ಲಿ ಇದ್ದು, ನಮ್ಮ ಸಗಣಿ ಬಾಚಿ, ಮುದ್ದೆ ನುಂಗುವುದನ್ನು ಕಲಿತು ಹೋಗುತ್ತಾರೆ. ನಮ್ಮ ಹುಡುಗರು ಆ ಕಡೆ ಹೋಗುವುದು ಅಷ್ಟು ಸಲೀಸಲ್ಲ. ಹಾಗಾಗಿ ಮೂರನೇ ಮಾಳಿಗೆಯ ಮಿತ್ರರಿಗೆ ನಾನು ಹೇಳಿದ್ದಿಷ್ಟೇ: ಹುಡುಗಿ ಕಳೆ ಕೀಳಲಿ, ಒಳ್ಳೆಯದೇ. ಆದರೆ ಹೊರಡುವ ಮುಂಚೆ ಆ ದೇಶದ ರಾಯಭಾರ ಕಚೇರಿಯ ನಿಯಮ ಓದಲಿ, ಆ ಮನೆಯಲ್ಲಿ ಹಿಂದೆ ಇದ್ದು ಬಂದವರು ಬರೆದದ್ದನ್ನು ಓದಲಿ, ತಿರುಗಿ ಬರುವ ಟಿಕೆಟ್ಟಿನ ದುಡ್ಡು ಅವಳ ಕೈಯಲ್ಲೇ ಇರಲಿ.

ಅಂದ ಹಾಗೆ, ಆಸ್ಟ್ರೇಲಿಯಾ ತನ್ನ ದುಡಿದು ತಿರುಗುವ ವೀಸಾವನ್ನು ಭಾರತೀಯರಿಗೆ ಮೊದಲ ಸಲ ತೆರೆದದ್ದು 2024ರಲ್ಲಿ. ಬ್ರಿಟಿಷರಿಗೆ ಕೊಟ್ಟು ನಲವತ್ತೊಂಬತ್ತು ವರ್ಷಗಳಾದ ಮೇಲೆ. ವರ್ಷಕ್ಕೆ 1000 ಜಾಗ. ಮೊದಲ ಎರಡು ವಾರಗಳಲ್ಲೇ ಸುಮಾರು 40,000 ಅರ್ಜಿ ಬಿದ್ದವು, ಚೀಟಿ ಎತ್ತಬೇಕಾಯಿತು. ಅದೇ 2024ರ ಜುಲೈ 1ರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಎರಡನೆಯ, ಮೂರನೆಯ ವರ್ಷದ ವೀಸಾಕ್ಕೆ ಹೊಲದ ಕೆಲಸ ಮಾಡಬೇಕಾಗಿಲ್ಲ ಎಂಬ ನಿಯಮವೂ ಬಂತು.